ಏಳು ಗಂಟೆಯ ಬಿಸಿನೀರು

ಬಚ್ಚಲಿನಿಂದ ಹಾರಿ ಬಂದ ಸ್ಟೀಲ್ ಬಕೆಟ್ಟು ಅಂಗಳದ ಕಲ್ಲಿಗೆ ಬಡಿದು, ಉರುಳಿ, ಚೆಲುವಮ್ಮನ ಕಾಲ ಬಳಿ ಬಂದು ನಿಂತಿತು. ಅದರ ಬೆನ್ನಿಗೇ ಗಂಡನ ಗಂಟಲೂ ಬಂತು.

"ಬೆಳಿಗ್ಗೆಯಿಂದ ತೋಟದಲ್ಲಿ ಸತ್ತು ಬಂದೋನಿಗೆ ಒಂದ್ ಚೊಂಬು ಬಿಸ್ನೀರಿಗೂ ಗತಿ ಇಲ್ವೇನೇ ಈ ಮನೇಲಿ? ನಾನು ಯಾವಾಗ ಮೀಬೇಕು ಅಂತ ಹೇಳೋನು ಯಾವನೇ ಅವ್ನು?"

ಹೇಳಿದ್ದು ಮನುಷ್ಯರಲ್ಲ, ಕಾಫಿ ಇಡುವ ಸ್ಟೋರಿನ ಒಳಗೋಡೆಗೆ ಹೊಡೆದ ಒಂದು ಬಿಳಿ ಡಬ್ಬಿ. ಮಗ ಪ್ರಜ್ವಲ್ ಆ ವರ್ಷ ಸ್ಟೋರಿನ ಮಾಡಿನ ಮೇಲೆ ಸೋಲಾರ್ ಹಲಗೆ ಹಾಕಿಸಿದ್ದ, ಕೆಳಗೆ ಬ್ಯಾಟರಿ ಇಡಿಸಿದ್ದ. ಹೊಸ ಮೀಟರು ಬಂದ ಮೇಲೆ ಕರೆಂಟಿಗೆ ಹೊತ್ತಿಗೊಂದು ರೇಟು. ಹಗಲು ಅಗ್ಗ, ಸಂಜೆ ಆರರಿಂದ ಹತ್ತರವರೆಗೆ ದುಬಾರಿ, ಆಮೇಲೆ ಮತ್ತೆ ಅಗ್ಗ. ಡಬ್ಬಿ ಬಿಸಿಲನ್ನೂ ನೋಡುತ್ತಿತ್ತು, ರೇಟನ್ನೂ ನೋಡುತ್ತಿತ್ತು, ಮನೆಯಲ್ಲಿ ಯಾವುದು ಯಾವಾಗ ಓಡಬೇಕೆಂದು ತಾನೇ ತೀರ್ಮಾನ ಮಾಡುತ್ತಿತ್ತು. ವಾಷಿಂಗ್ ಮೆಷಿನ್ನು, ತೊರೆಯಿಂದ ನೀರೆತ್ತುವ ಮೋಟಾರು ಎರಡೂ ಹಗಲಿಗೆ. ಸಂಜೆಗೆ ಬಲ್ಬು, ಫ್ಯಾನು, ಟೀವಿ ಅಷ್ಟೇ. ಗೀಸರಿಗೆ ಹತ್ತು ಗಂಟೆಯವರೆಗೆ ಬೀಗ. ನೀರೊಲೆ ಇದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಆದರೆ ಅದನ್ನು ಒಡೆಸಿ, ಹಂಡೆ ಕಿತ್ತು, ಟೈಲ್ಸ್ ಹಾಕಿಸಿದವನೂ ಪ್ರಜ್ವಲನೇ.

ರಂಗಸ್ವಾಮಿ ಸೊಂಟಕ್ಕೆ ಟವೆಲು ಸುತ್ತಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದ. ಕಾಫಿ ಹಣ್ಣಿನ ಅಂಟು ಮೊಣಕೈವರೆಗೂ ಕಪ್ಪಗೆ ಹಿಡಿದಿತ್ತು. ಆ ಕೈಯನ್ನು ನೋಡಿದರೆ ಚೆಲುವಮ್ಮನ ಮೈ ತಾನಾಗಿಯೇ ಬಲಕ್ಕೆ ಸರಿಯುತ್ತಿತ್ತು. ಅವಳ ಎಡಗಿವಿ ಕೇಳಿಸದು. ಮದುವೆಯಾದ ಹೊಸದರಲ್ಲಿ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬಿದ್ದ ಏಟಿಗೆ ಹೋದದ್ದು ಅದು.

"ಮಾವ, ಒಂದೈದು ನಿಮಿಷ ಇರಿ, ಕಾಯುತ್ತೆ," ಎಂದಳು ಸೊಸೆ ಮಧುಶ್ರೀ ಅಡುಗೆಮನೆಯಿಂದ. ಅವಳ ಫೋನಿನಲ್ಲೂ ಡಬ್ಬಿಯ ಆಪ್ ಇತ್ತು. ಗೀಸರಿನ ಬೀಗ ತೆಗೆದು ಆನ್ ಮಾಡಿದಳು. ಬಚ್ಚಲಿನಲ್ಲಿ ಕೆಂಪು ದೀಪ ಹತ್ತಿತು, ರಂಗಸ್ವಾಮಿ ಗೊಣಗುತ್ತ ಒಳಗೆ ಹೋದ.

ನಡುಮನೆಯಲ್ಲಿ ಉಣ್ಣುತ್ತಿದ್ದ ಪ್ರಜ್ವಲನ ಫೋನು ಗುರ್ ಎಂದಿತು. ಅವನು ನೋಡಿದ, ತಟ್ಟೆ ಬಿಟ್ಟು ಎದ್ದ, ಎಂಜಲು ಕೈಯಲ್ಲೇ ಅಡುಗೆಮನೆಗೆ ಹೋದ.

"ಯಾರು ಆನ್ ಮಾಡಿದ್ದು?"

"ನಾನೇ ಕಣ್ರೀ. ಪಾಪ ಮಾವ..."

ಚಟ್ ಎಂದಿತು.

ಚೆಲುವಮ್ಮನಿಗೆ ಬಲಗಿವಿಯೊಂದೇ ಕೇಳಿಸುವುದು. ಆದರೆ ಆ ಸದ್ದಿಗೆ ಕಿವಿಯೇ ಬೇಡ. ಅವಳು ಬಾಗಿಲಿಗೆ ಬಂದಾಗ ಮಧುಶ್ರೀ ಒಲೆಕಟ್ಟೆ ಹಿಡಿದು ನಿಂತಿದ್ದಳು, ಕೆನ್ನೆಯ ಮೇಲೆ ಸಾರಿನ ನಾಲ್ಕು ಬೆರಳು. ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲ. ಇದು ಮೊದಲನೆಯದು. ಪ್ರಜ್ವಲನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಹೆಬ್ಬೆರಳು ಒಳಕ್ಕೆ ಮಡಿಸಿ, ಅಂಗೈ ಅಗಲಿಸಿ, ಥೇಟ್ ಅಪ್ಪನ ಹಾಗೆ. ಯಾರೂ ಕಲಿಸದೆ ಅದು ಹೇಗೆ ಬಂತು? ಕಲಿಸದೆ ಏನು, ಈ ಅಡುಗೆಮನೆಯಲ್ಲೇ, ಇದೇ ಕಟ್ಟೆಯ ಮುಂದೆ, ಅವಳ ಸೆರಗು ಹಿಡಿದುಕೊಂಡೇ ನೋಡಿ ಕಲಿತವನು.

"ನಾನ್ ಸೆಟ್ ಮಾಡಿರೋದನ್ನ ಯಾರೂ ಮುಟ್ಟಬಾರ್ದು. ತಲೆಗೆ ಹೋಯ್ತಾ?" ಎಂದು ಪ್ರಜ್ವಲ್ ಹೆಂಡತಿಯ ಫೋನು ಕಿತ್ತುಕೊಂಡು ಅಲ್ಲೇ ಆಪ್ ಅಳಿಸಿಹಾಕಿದ.

ತನಗಾದದ್ದು ಆಗಿಹೋಯಿತು, ಈ ಹುಡುಗಿಗೆ ಮಾತ್ರ ಎರಡನೆಯ ಏಟು ಬೀಳಬಾರದು. ಚೆಲುವಮ್ಮನ ತಲೆಯಲ್ಲಿ ಆಗ ಇದ್ದದ್ದು ಅದೊಂದೇ. ಹೇಗೆ ತಪ್ಪಿಸುವುದೆಂದು ಮಾತ್ರ ತಿಳಿಯಲಿಲ್ಲ. ತಿಳಿದಿದ್ದರೆ ತಾನೇ ತಪ್ಪಿಸಿಕೊಳ್ಳುತ್ತಿರಲಿಲ್ಲವೆ.

ಬಚ್ಚಲಿನಿಂದ ನಗು ಕೇಳಿಸಿತು. ರಂಗಸ್ವಾಮಿ ಸೋಪಿನ ನೊರೆಯಲ್ಲೇ ಹೊರಗೆ ಬಂದಿದ್ದ.

"ಅಂತೂ ಕೈ ಎತ್ತಕ್ಕೆ ಬಂತಲ್ಲ! ಈಗ ಕಣ್ಲಾ ನೀನು ನನ್ ಮಗ ಅನ್ನಿಸ್ಕಂಡಿದ್ದು. ಹಾಕು ಇನ್ನೊಂದು, ಬುದ್ಧಿ ಬರ್ತದೆ."

ಪ್ರಜ್ವಲನ ಮುಖ ಕಪ್ಪಿಟ್ಟಿತು. "ನಿನ್ ಥರ ಅಂತ ಮಾತ್ರ ಅನ್ಬೇಡ," ಎಂದ.

"ನನ್ ಥರ ಅಲ್ದೆ ಇನ್ಯಾರ್ ಥರ ಆಯ್ತೀಯಾ? ಡಬ್ಬಿ ಥರಾನಾ? ನಾನು ಬಾಯಲ್ಲಿ ಆಳ್ದೆ, ನೀನು ಫೋನಲ್ಲಿ ಆಳ್ತಿದೀಯ. ಅಷ್ಟೇ ಕಣೋ ಮಾರಾಯ."

ಮಗ ಹಾರಿಬಿದ್ದ. ಇಬ್ಬರೂ ಅಂಗಳಕ್ಕೆ ಉರುಳಿದರು. ಅಪ್ಪ ಮಗನ ಕೂದಲು ಹಿಡಿದು ನೆಲಕ್ಕೆ ಜಪ್ಪಿದ. ಮಗ ಕೆಳಗಿನಿಂದಲೇ ಮೊಣಕಾಲಲ್ಲಿ ಹೊಟ್ಟೆಗೆ ಒದ್ದ. ನೊರೆಯ ಮೈ ಕೈಗೆ ಸಿಗದೆ ಜಾರುತ್ತಿತ್ತು. ಕಾಫಿ ಹಣ್ಣು ಸುಲಿಯುವ ಪಲ್ಪರಿನ ಪಕ್ಕದಲ್ಲಿದ್ದ ಸಿಪ್ಪೆಯ ಗುಡ್ಡೆಯವರೆಗೂ ಹೊರಳಾಡಿದರು. ಅಲ್ಲಿ ಪ್ರಜ್ವಲ್ ಮೇಲಾದ. ಅಪ್ಪನ ಎದೆಯ ಮೇಲೆ ಕೂತು, ಬಾಯಿಗೆ, ಮತ್ತೆ ಬಾಯಿಗೆ ಗುದ್ದಿದ. ರಂಗಸ್ವಾಮಿ ಉಗಿದಾಗ ಕೆಂಪು ಸಿಪ್ಪೆಯ ನಡುವೆ ಒಂದು ಹಲ್ಲು ಬಿತ್ತು.

"ಬಿಡೋ, ಸತ್ತೋಯ್ತಾರೆ ಕಣೋ!" ಎಂದು ಚೆಲುವಮ್ಮ ಮಗನ ಅಂಗಿ ಹಿಡಿದು ಎಳೆದಳು. ಅಂಗಿ ಹರಿದು ಕೈಗೆ ಬಂತು.

ಆ ದಿನದಿಂದ ಅಪ್ಪ ಮಗನಿಗೆ ಮಾತಿಲ್ಲ. ಒಂದೇ ಮನೆ, ಒಂದೇ ತೋಟ, ಕುಯ್ಲಿನ ಕಾಲ. ಮಾತಾಡದೆ ಆಗುವ ಕೆಲಸವಲ್ಲ. ಹಾಗಾಗಿ ಎಲ್ಲ ಮಾತೂ ಚೆಲುವಮ್ಮನ ಮೂಲಕ ಓಡಾಡತೊಡಗಿದವು. ಇಬ್ಬರೂ ಎದುರುಬದುರೇ ಕೂತಿರುತ್ತಿದ್ದರು. "ಹೇಳು ನಿನ್ ಮಗಂಗೆ, ರಾತ್ರಿಯೆಲ್ಲ ಇಟ್ಟ ಹಣ್ಣು ಹುಳಿ ಬರ್ತದೆ, ಕುಯ್ದ ಸಂಜೇನೇ ಪಲ್ಪ್ ಮಾಡ್ಬೇಕು ಅಂತ." "ಹೇಳು ನಿನ್ ಗಂಡಂಗೆ, ಸಂಜೆ ರೇಟಲ್ಲಿ ಪಲ್ಪರ್ ಓಡ್ಸಿದ್ರೆ ಕಾಫಿ ಮಾರಿದ್ದೆಲ್ಲ ಮೀಟರಿಗೇ ಅಂತ." ಅವಳು ಆ ಮಾತನ್ನು ಒಂದು ಮೊಳ ದೂರ ದಾಟಿಸುತ್ತಿದ್ದಳು, ಬೈಗುಳ ತೆಗೆದು. ಬೈಗುಳ ಹೇಗೂ ಆ ಕಡೆಗೆ ಕೇಳಿಸಿಯೇ ಇರುತ್ತಿತ್ತು.

ಸಂಜೆಯ ಪಲ್ಪಿಂಗ್ ನಿಂತಿತು. ಸಂಜೆ ಪಲ್ಪರಿಗೆ ಹಣ್ಣು ತುಂಬಿಸಿಟ್ಟು, ಮಾರನೆ ದಿನ ಬಿಸಿಲು ಬಂದ ಮೇಲೆ ಓಡಿಸುವುದು ಹೊಸ ಪದ್ಧತಿ. ಆದರೆ ಅವರ ಹೆಗ್ಗದ್ದೆಯ ಕಡೆ ಡಿಸೆಂಬರಿನ ಮಂಜು ಹೇಳಿ ಕೇಳಿ ಎತ್ತುವುದಿಲ್ಲ. ಒಂದು ದಿನ ಕಾಫಿ ತಿಂಡಿ ಮುಗಿಯುವುದರೊಳಗೆ ಎತ್ತಿದರೆ ಇನ್ನೊಂದು ದಿನ ಮಧ್ಯಾಹ್ನ. ಬಟನ್ ಒತ್ತುವುದಕ್ಕೆಂದು ಒಬ್ಬರು ಕಾದು ಕೂರಬೇಕು. ಪ್ರಜ್ವಲ್ ಸಕಲೇಶಪುರದಿಂದ ಫಾಜಿಲ್‌ನನ್ನು ಕರೆಸಿದ. ಸೋಲಾರ್ ಹಾಕಿದವನೂ ಅವನೇ.

"ಪಲ್ಪರನ್ನೂ ಆಟೋಗೆ ಹಾಕ್ಬುಡು ಫಾಜಿಲ್. ಮಂಜು ಎತ್ತಿದ ತಕ್ಷಣ ತಾನೇ ಓಡ್ಬೇಕು."

ಪಲ್ಪರಿನ ಪಕ್ಕ, ಸ್ಟೋರಿನ ಹೊರಗೋಡೆಯ ಮೇಲೆ ಹಳೆಯ ಸ್ಟಾರ್ಟರಿತ್ತು, ಹಸಿರೊಂದು ಕೆಂಪೊಂದು ಬಟನ್ನಿನ ಕಬ್ಬಿಣದ ಪೆಟ್ಟಿಗೆ. ಕರೆಂಟು ಹೋದರೆ ಅದು ತಾನಾಗಿಯೇ ಬಿಟ್ಟುಕೊಳ್ಳುತ್ತಿತ್ತು. ಮತ್ತೆ ಕರೆಂಟು ಬಂದರೂ ಹಸಿರು ಒತ್ತುವವರೆಗೆ ಮಿಷನ್ನು ತಿರುಗುತ್ತಿರಲಿಲ್ಲ. ಆ ನಂಬಿಕೆಯ ಮೇಲೆಯೇ ಈ ಕಡೆಯವರೆಲ್ಲ ಮಿಷನ್ನಿನ ಒಳಗೆ ಕೈ ಹಾಕುತ್ತಿದ್ದದ್ದು. ಕರೆಂಟು ಹೋಯಿತೆಂದರೆ ಸಾಕು, ಬೆಲ್ಟು ಬಿಗಿಯುವುದು, ಡ್ರಮ್ಮು ತೊಳೆಯುವುದು ಎಲ್ಲ ಆಗಲೇ. ಫಾಜಿಲ್ ಆ ಪೆಟ್ಟಿಗೆಯ ವೈರು ಕಿತ್ತು, ಸ್ಟೋರಿನ ಕಿಟಕಿಯಿಂದ ಹೊಸ ಕೇಬಲ್ಲು ಇಳಿಸಿ, ಮೋಟಾರಿಗೆ ನೇರ ಕೊಟ್ಟ.

"ಈ ಪೆಟ್ಟಿಗೆ ಈಗ ದಂಡ ಆಯ್ತು. ಬಿಚ್ಚಿ ಕೆಳಗಿಡ್ಲಾ ಅಣ್ಣ? ಇಲ್ಲೇ ಇದ್ರೆ ಯಾರಾದ್ರೂ ನಂಬ್ಕಂತಾರೆ."

"ಇರ್ಲಿ ಬಿಡು ಮಾರಾಯ. ಅದನ್ನ ಬಿಚ್ಚಿದ್ರೆ ಅದಕ್ಕೊಂದು ರಾಮಾಯಣ ತೆಗೀತಾರೆ ನಮ್ಮಪ್ಪ." ಆಮೇಲೆ ಅಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದ ತಾಯಿಗೆ ಹೇಳಿದ, "ಅವ್ವ, ಹೇಳು ನಿನ್ ಗಂಡಂಗೆ, ಕೆಂಪು ಬಟನ್ ಸತ್ತೋಗೈತೆ, ನಿಲ್ಸೋದಾದ್ರೆ ನನ್ ಫೋನಲ್ಲಿ ಇಲ್ಲಾ ಸ್ಟೋರಿನ ಡಬ್ಬೀಲಿ ಅಂತ." ಸ್ಟೋರಿಗೆ ಕಾಫಿ ಕಳ್ಳರ ಭಯಕ್ಕೆ ಬೀಗ. ಬೀಗದ ಕೈ ಪ್ರಜ್ವಲನ ಜೇಬಿನಲ್ಲಿ.

ಆ ರಾತ್ರಿ ಊಟಕ್ಕೆ ಬಡಿಸುತ್ತ ಚೆಲುವಮ್ಮ ಶುರುಮಾಡಿದಳು. "ರೀ, ಆ ಪಲ್ಪರಿನ ಕೆಂಪು..."

"ನಿನ್ ಮಗನ ಮಿಷನ್ನಿನ ಸುದ್ದಿ ಉಣ್ಣೋವಾಗ ಎತ್ಬೇಡ ಅಂದಿದ್ನೋ ಇಲ್ವೋ?" ತಟ್ಟೆ ಎದ್ದು ಬಂತು. ಅಂಚು ಅವಳ ಹುಬ್ಬಿಗೆ ಬಡಿದು ರಕ್ತ ಚಿಮ್ಮಿತು, ಬಿಸಿ ಅನ್ನ ಕತ್ತಿನೊಳಗೆ ಇಳಿಯಿತು. ಮಧುಶ್ರೀ ಅರಿಶಿಣ ತಂದು ಒತ್ತಿದಳು. "ಅತ್ತೆ, ನಾನ್ ಹೇಳ್ಲಾ ಮಾವಂಗೆ?" ಎಂದು ಕಿವಿಯಲ್ಲಿ ಕೇಳಿದಳು. "ಸುಮ್ನಿರು, ನಿಂಗ್ಯಾಕೆ ಏಟು," ಎಂದಳು ಚೆಲುವಮ್ಮ. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಅವನು ಕಣ್ಣೆತ್ತಿ ನೋಡಲಿಲ್ಲ. ನಾಡಿದ್ದು ಅವಳಿಗೆ ಬಾಯಿ ಬರಲಿಲ್ಲ. ಬೇರೆಲ್ಲ ಮಾತೂ ದಾಟಿದವು. ಅದೊಂದು ದಾಟಲಿಲ್ಲ.

ಭಾನುವಾರ ಆಳುಗಳಿಗೆ ರಜ. ಪ್ರಜ್ವಲ್ ಮೇಲಿನ ತೋಟಕ್ಕೆ ಹೋಗಿದ್ದ. ಮಂಜು ಅಂಗಳದ ತುದಿಯ ಸಿಲ್ವರ್ ಮರವೂ ಕಾಣದಷ್ಟು ದಟ್ಟವಾಗಿತ್ತು. ಚೆಲುವಮ್ಮ ಕಣದಲ್ಲಿ ಕಾಫಿ ಬೀಜದ ಮೇಲಿನ ಟಾರ್ಪಾಲು ಮಡಿಸುತ್ತಿದ್ದಳು. ಕೆಳಗಿನ ಊರಿನ ಗಿರಣಿಯ ಟಕಟಕ ಇದ್ದಕ್ಕಿದ್ದಂತೆ ನಿಂತಿತು.

"ಕರೆಂಟ್ ಹೋಯ್ತು," ಎಂದು ತನಗೆ ತಾನೇ ಹೇಳಿಕೊಂಡ ರಂಗಸ್ವಾಮಿ. ಎರಡು ದಿನದಿಂದ ಬೀಜ ಒಡೆದು ಬರುತ್ತಿತ್ತು. ಡ್ರಮ್ಮಿನಲ್ಲಿ ಕಲ್ಲು ಸಿಕ್ಕಿಕೊಂಡಿದೆ ಎಂದು ಅವನ ಎಣಿಕೆ. ಹಗಲೆಲ್ಲ ತೋಟದಲ್ಲೇ ಇರುತ್ತಿದ್ದ ಅವನು ಮಿಷನ್ನು ತಾನಾಗಿಯೇ ಓಡುವುದನ್ನು ಕಂಡಿರಲಿಲ್ಲ. ಪಲ್ಪರಿನ ಹತ್ತಿರ ಹೋಗಿ, ಎಷ್ಟೋ ವರ್ಷದ ಅಭ್ಯಾಸದಂತೆ ಗೋಡೆಯ ಕೆಂಪು ಬಟನ್ನನ್ನು ಹೆಬ್ಬೆರಳಿನಿಂದ ಒತ್ತಿದ. ಅಂಗಿಯ ತೋಳು ಮಡಿಸಿದ. ಹಣ್ಣು ಬೀಳುವ ಬಾಯಿಯೊಳಗೆ ಬಲಗೈ ಇಳಿಸಿ ತಡಕತೊಡಗಿದ. ಮೇಲಿನ ತೊಟ್ಟಿಯ ನೀರಿನ ಕೊಳವೆ ಅವನ ಕಿವಿಯ ಪಕ್ಕದಲ್ಲೇ ಧೋ ಎಂದು ಸುರಿಯುತ್ತಿತ್ತು.

ಮಂಜು ಎತ್ತುವುದು ಈ ಇಳಿಜಾರಿನಲ್ಲಿ ಕೆಳಗಿನಿಂದ ಮೇಲಕ್ಕೆ. ಮೊದಲು ಕೆಳಗಿನ ಗದ್ದೆ ಕಂಡಿತು, ಆಮೇಲೆ ಕಾಫಿ ಸಾಲು, ಆಮೇಲೆ ಕಣ. ಚೆಲುವಮ್ಮನ ಬೆನ್ನಿಗೆ ಬೆಚ್ಚಗಾಯಿತು. ತಲೆಯೆತ್ತಿ ನೋಡಿದರೆ ಸ್ಟೋರಿನ ಮಾಡಿನ ಅಂಚಿನಲ್ಲಿ ಬಿಸಿಲು.

ಡಬ್ಬಿಗೆ ಒಂದು ಕ್ರಮವಿತ್ತು. ಕರೆಂಟು ಇರಲಿ ಬಿಡಲಿ ಅದಕ್ಕೆ ಲೆಕ್ಕವಿಲ್ಲ, ಬಿಸಿಲು ಸಾಕು. ಮೊದಲು ವಾಷಿಂಗ್ ಮೆಷಿನ್ನು, ಆಮೇಲೆ ತೊರೆಯ ಮೋಟಾರು, ಬಿಸಿಲು ಇನ್ನೂ ಏರಿದರೆ ಪಲ್ಪರು. ಹಿತ್ತಿಲಿನಲ್ಲಿ ವಾಷಿಂಗ್ ಮೆಷಿನ್ನು ಗುರುಗುಟ್ಟಿತು. ಅವಳು ತಿರುಗಿ ಗಂಡನನ್ನು ನೋಡಿದಳು. ಮೊಣಕೈವರೆಗೂ ಒಳಗೆ.

ಕಣದ ಮೂಲೆಯಲ್ಲಿ ಮೋಟಾರಿನ ಪೈಪು ಕೆಮ್ಮಿ, ನೀರು ಉಗುಳಿತು.

ಕೂಗಬೇಕೆಂದು ಬಾಯಿ ತೆರೆದಳು. ಒಂದು ಉಸಿರು ಒಳಗೆ ಹೋಗಿ ಹೊರಗೆ ಬರುವಷ್ಟು ಹೊತ್ತು ಅವಳು ಆ ಕೈಯನ್ನೇ ನೋಡುತ್ತ ನಿಂತಳು. ಕಿವಿ ತೆಗೆದ ಕೈ. ಹುಬ್ಬು ಒಡೆದ ಕೈ. ಹೊಟ್ಟೆಯಲ್ಲಿದ್ದಾಗಲೇ ಪ್ರಜ್ವಲನನ್ನು ಬಡಿದ ಕೈ. ಮಾಡಿನ ಮೇಲೆ ಬಿಸಿಲು ಹಲಗೆಯಿಂದ ಹಲಗೆಗೆ ದಾಟುತ್ತಿತ್ತು.

"ರೀ! ಕೈ ತೆಗೀರಿ! ಅದು ಓಡ್ತದೆ, ಕೈ ತೆಗೀರಿ!"

ಟಾರ್ಪಾಲು ಬಿಟ್ಟು ಓಡಿದಳು. ರಂಗಸ್ವಾಮಿ ತಲೆ ಮಾತ್ರ ತಿರುಗಿಸಿದ.

"ಬಾಯ್ ಮುಚ್ಚೇ! ಕರೆಂಟೇ ಇಲ್ಲ, ಮೇಲಿಂದ ಕೆಂಪು ಬೇರೆ ಒತ್ತಿದೀನಿ. ನಂಗೇ ಮಿಷನ್ ಹೇಳ್ಕೊಡಕ್ ಬಂದ್ಲು ಇವ್ಳು."

"ಕೆಂಪು ಸತ್ತೋಗೈತೆ ಕಣ್ರೀ, ಅಯ್ಯೋ..."

"ಹತ್ರ ಬಂದ್ರೆ ಒದೀತೀನಿ ನೋಡು," ಎಂದು ಅವಳಿಗೆ ಬೆನ್ನು ಮಾಡಿ, ಕೈಯನ್ನು ಇನ್ನಷ್ಟು ಒಳಕ್ಕೆ ತುರುಕಿದ.

ಡ್ರಮ್ಮು ತಿರುಗಿತು.

ಅವನ ಗಂಟಲಿನಿಂದ ಬಂದದ್ದು ಅವಳು ಎಂದೂ ಕೇಳದ ಸದ್ದು. ಹುಟ್ಟಿದಂದಿನಿಂದ ಬೇರೆಯವರಿಂದ ಹೊರಡಿಸಿದ ಚೀರಾಟವೆಲ್ಲ ಒಟ್ಟಿಗೆ ಬಂದಂತಿತ್ತು. ಎಡಗೈಯಿಂದ ಗೋಡೆಯ ಕೆಂಪು ಬಟನ್ನನ್ನು ಗುದ್ದಿದ, ಮತ್ತೆ ಗುದ್ದಿದ, ಪೆಟ್ಟಿಗೆ ಗೋಡೆಯಿಂದ ಕಿತ್ತು ಜೋತುಬಿತ್ತು. ಪಲ್ಪರಿನ ಬಾಯಿಂದ ಹಣ್ಣಿನ ಸಿಪ್ಪೆ ಬರುವ ಕಡೆ ಸಿಪ್ಪೆಯಲ್ಲದ್ದೂ ಬರತೊಡಗಿತು. ಡ್ರಮ್ಮು ಅವನನ್ನು ಹೆಗಲವರೆಗೆ ಎಳೆದುಕೊಂಡು, ಮುಖವನ್ನು ಕಬ್ಬಿಣಕ್ಕೆ ಒತ್ತಿ ಹಿಡಿದಿತ್ತು.

ಚೆಲುವಮ್ಮ ಸ್ಟೋರಿನ ಬಾಗಿಲು ಒದ್ದಳು. ಬೀಗ ಕದಲಲಿಲ್ಲ. ಸೌದೆಯ ಗುಡ್ಡೆಯಲ್ಲಿ ಕೊಡಲಿ ಕಚ್ಚಿಕೊಂಡಿತ್ತು. ಕಿತ್ತಳು. ಕಿಟಕಿಯಿಂದ ಇಳಿದ ಹೊಸ ಕೇಬಲ್ಲು ಗೋಡೆಗೆ ತಾಗುವ ಜಾಗ ನೋಡಿ ಎರಡು ಕೈಯಲ್ಲಿ ಎತ್ತಿ ಬೀಸಿದಳು. ಮೊದಲ ಏಟು ಗೋಡೆಗೆ ಬಿತ್ತು. ಎರಡನೆಯದಕ್ಕೆ ಢಂ ಎಂದು ನೀಲಿ ಬೆಂಕಿ ಎದ್ದು, ಕೊಡಲಿಯ ಬಾಯಿ ಕರಗಿ, ಅವಳು ಹಿಂದಕ್ಕೆ ಬಿದ್ದಳು. ಮಿಷನ್ನು ಉಸಿರು ಬಿಟ್ಟು ನಿಂತಿತು.

ಮಧುಶ್ರೀ ಓಡಿಬಂದಿದ್ದಳು. ಅತ್ತೆ ಸೊಸೆ ಇಬ್ಬರೂ ಬೆಲ್ಟು ಹಿಡಿದು ಡ್ರಮ್ಮನ್ನು ಹಿಂದಕ್ಕೆ ತಿರುಗಿಸಿದರು. ಹೊರಗೆ ಬಂದದ್ದರಲ್ಲಿ ಮೊಣಕೈವರೆಗೂ ತೋಳಿತ್ತು. ಅದರಾಚೆಗಿದ್ದದ್ದಕ್ಕೆ ಹೆಸರಿಲ್ಲ. ಚೆಲುವಮ್ಮ ಸೆರಗು ಹರಿದು, ತೋಳಿಗೆ ಸುತ್ತಿ, ಮೊಣಕಾಲು ಊರಿ ಬಿಗಿದಳು. ರಂಗಸ್ವಾಮಿ ಅವಳ ತೊಡೆಯ ಮೇಲೆ ಮಗುವಿನಂತೆ ಅಳುತ್ತಿದ್ದ.

ಪ್ರಜ್ವಲ್ ಓಡಿಬಂದದ್ದು ಕೂಗು ಕೇಳಿಸಿ ಅಲ್ಲ, ಪಲ್ಪರ್ ಕೆಟ್ಟಿತೆಂದು ಫೋನು ಹೇಳಿ. ತುಂಡಾದ ಕೇಬಲ್ಲು ನೋಡಿದ, ಅಪ್ಪನನ್ನು ನೋಡಿದ, ಬೆಳ್ಳಗಾದ. ಭಯ ಅವನಿಗೆ ಕೋಪವಾಗಿಯೇ ಬರುವುದು, ಅದೂ ಅಪ್ಪನದೇ ಬಳುವಳಿ. ಹೆಂಡತಿಯ ಕಡೆ ತಿರುಗಿದ.

"ಮನೇಲೇ ಇದ್ದು ಏನ್ ಕಿಸೀತಿದ್ದೆ ನೀನು? ಫೋನಲ್ಲಿ ಆಫ್ ಮಾಡಕ್ ಬರಲ್ವೇನೇ?"

"ನನ್ ಫೋನಿಂದ ತೆಗೆದಿದ್ದು ನೀವೇ ಅಲ್ವೇನ್ರೀ," ಎಂದಳು ಮಧುಶ್ರೀ. ಕೈತುಂಬ ರಕ್ತವಿತ್ತು.

ಪ್ರಜ್ವಲ್ ಒಂದು ಹೆಜ್ಜೆ ಮುಂದೆ ಬಂದ. ಕೈ ಎದ್ದಿತು. ಹೆಬ್ಬೆರಳು ಒಳಕ್ಕೆ, ಅಂಗೈ ಅಗಲ.

ಚೆಲುವಮ್ಮ ಗಂಡನ ತಲೆಯನ್ನು ತೊಡೆಯಿಂದ ಇಳಿಸಿ ಎದ್ದಳು. ಕರಗಿದ ಕೊಡಲಿಯನ್ನು ತಿರುಗಿಸಿ ಹಿಡಿದು, ಅದರ ಮರದ ಕಾವನ್ನು ಬೀಸಿದಳು. ಕೇಬಲ್ಲಿಗೆ ತಪ್ಪಿದ್ದ ಮೊದಲ ಏಟು ಇಲ್ಲಿ ತಪ್ಪಲಿಲ್ಲ. ಮಗನ ಮುಂಗೈ ಒಣ ರೆಂಬೆಯಂತೆ ಲಟಕ್ ಎಂದಿತು.

"ಅವ್ವಾ!"

"ಕೂತ್ಕೋ." ಅವನು ಕೂತ. "ಇದನ್ನ ನಿಮ್ಮಪ್ಪಂಗೆ ಮೊದಲ್ನೇ ದಿನವೇ ಕೊಡ್ಬೇಕಾಗಿತ್ತು. ಕೊಟ್ಟಿದ್ರೆ ನಿಂಗೆ ಬೀಳ್ತಿರ್ಲಿಲ್ಲ, ಅವ್ರಿಗೂ ಕೈ ಉಳೀತಿತ್ತು. ಇನ್ನೊಂದ್ಸಲ ಆ ಹುಡುಗಿ ಮೇಲೆ ಕೈ ಎತ್ತು, ಆಗ ಕಾವಲ್ಲಿ ಹೊಡಿಯಲ್ಲ."

ಪಕ್ಕದ ತೋಟದ ಭೂತಯ್ಯ ಆ ಢಂ ಸದ್ದಿಗೇ ಜೀಪು ತಂದಿದ್ದ. ಅಪ್ಪನನ್ನು ಹಿಂದಿನ ಸೀಟಿಗೆ ಮಲಗಿಸಿ, ಮಗ ಕೈ ಎದೆಗೆ ಅವುಚಿಕೊಂಡು ಹತ್ತುವುದನ್ನು ನೋಡಿ ಬಾಯಿಬಿಟ್ಟ. "ಇವ್ನ ಕೈ ಯಾವ ಮಿಷನ್ನಿಗೆ ಸಿಕ್ತು ಚೆಲುವಕ್ಕ?"

"ಇವ್ನದು ನಂಗೆ ಸಿಕ್ತು. ನೀನು ಬೇಗ ಓಡ್ಸು ಮಾರಾಯ, ಹಾಸನ ದೂರ ಐತೆ."

ರಂಗಸ್ವಾಮಿ ಬದುಕಿದ. ಮೊಣಕೈಯಿಂದ ಕೆಳಗೆ ತೆಗೆದರು. ಪ್ರಜ್ವಲನ ಕೈಗೆ ಪ್ಲಾಸ್ಟರಿನ ಕಟ್ಟು. ಹೇಗಾಯಿತೆಂದು ಆಸ್ಪತ್ರೆಯಲ್ಲಿ ಕೇಳಿದರೆ ಜಾರಿ ಬಿದ್ದೆ ಎಂದ. ಚೆಲುವಮ್ಮ ಎಷ್ಟು ಸಲ ಎಷ್ಟು ಜನರಿಗೆ ಹೇಳಿದ್ದ ಮಾತದು. ಈಗ ಮಗನ ಬಾಯಲ್ಲಿ ಕೇಳಿದಾಗ ಅವಳಿಗೆ ಅಯ್ಯೋ ಅನ್ನಿಸಿತು. ತಪ್ಪು ಮಾಡಿದೆ ಅನ್ನಿಸಲಿಲ್ಲ.

ಅವರು ಮನೆಗೆ ಬಂದ ದಿನವೇ ಫಾಜಿಲ್‌ನನ್ನೂ ಕರೆಸಿದಳು. ಅವನು ಗೋಡೆಯ ಮೇಲಿನ ಕೊಡಲಿ ಗಾಯ ನೋಡಿ ಚೀಲ ಬಿಚ್ಚಿದ.

"ಪಲ್ಪರಿಗೆ ಸ್ಟಾರ್ಟರ್ ಕೊಡಪ್ಪ, ಬದುಕಿರೋ ಬಟನ್ನು. ಗೀಸರನ್ನ ಡಬ್ಬಿಯಿಂದ ಬಿಡ್ಸಿ ಗೋಡೆಗೊಂದು ಸ್ವಿಚ್ ಇಡು. ಮೋಟಾರು, ಬಟ್ಟೆ ಮಿಷನ್ನು ಬೇಕಾದ್ರೆ ಡಬ್ಬೀನೇ ನೋಡ್ಕಳ್ಳಿ, ಅದ್ರ ಮೇಲೆ ನಂಗೇನ್ ದ್ವೇಷ ಇಲ್ಲ."

ಜಗಲಿಯಲ್ಲಿ ಕೂತಿದ್ದ ಪ್ರಜ್ವಲ್ ತಡೆಯಲಾರದೆ, "ಅವ್ವ, ಸಂಜೆ ರೇಟು..." ಎಂದ. ಅವಳು ತಿರುಗಿ ನೋಡಿದಳು. ಅವನು ಕಟ್ಟು ಹಾಕಿದ ಕೈಯನ್ನು ಒಳಕ್ಕೆ ಎಳೆದುಕೊಂಡ.

ಏಳು ಗಂಟೆಗೆ ಅವಳೇ ಹೋಗಿ ಸ್ವಿಚ್ ಹಾಕಿದಳು. ಮೀಟರಿನ ಕೆಂಪು ಚುಕ್ಕಿ ಪಟಪಟ ಬಡಿದುಕೊಳ್ಳತೊಡಗಿತು. ರಂಗಸ್ವಾಮಿ ಟವೆಲನ್ನು ಎಡಗೈಯಲ್ಲಿ ಹಿಡಿದು ಬಚ್ಚಲ ಬಾಗಿಲಿಗೆ ಬಂದು ನಿಂತ. ಈ ಮನೆಯಲ್ಲಿ ಮೊದಲ ನೀರು ಅವನದು, ಕೊನೆಗೆ ಉಳಿದ ತಣ್ಣೀರು ಅವಳದು, ಅವಳು ಬಂದಂದಿನಿಂದ ಹಾಗೆಯೇ.

"ಕೂತಿರಿ," ಎಂದಳು ಚೆಲುವಮ್ಮ. "ನನ್ನದಾಗ್ಲಿ, ಆಮೇಲೆ ಮಧುದು. ಆಮೇಲೆ ನಿಮಗೆ ನಾನೇ ಹಾಕ್ತೀನಿ."

ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿದಳು. ನೀರು ಹಬೆಯಾಡುತ್ತಿತ್ತು. ಮೊದಲ ಚೊಂಬನ್ನು ನೆತ್ತಿಗೆ ಸುರಿದುಕೊಂಡಾಗ ಹುಬ್ಬಿನ ಗಾಯ ಚುರ್ ಎಂದಿತು. ಹೊರಗಿನಿಂದ ಗಂಡ ಏನೋ ಕೇಳಿದ. ಮೊದಲಿನಂತೆ ಗಟ್ಟಿಯಾಗಿ ಅಲ್ಲ, ಮೆಲ್ಲಗೆ, ಆಯ್ತೇನೇ ಎಂಬಂತೆ. ಅವಳು ಎಡಗಿವಿಯನ್ನು ಬಾಗಿಲ ಕಡೆಗೆ ತಿರುಗಿಸಿ, ಇನ್ನೊಂದು ಚೊಂಬು ತುಂಬಿಕೊಂಡಳು.